ಹೆಗ್ಗಣದ ಹೊಟ್ಟೆಯೂ ನನ್ನ ಹೊಟ್ಟೆಯೂ

ನಡೆದದ್ದು ಇಷ್ಟೆ: ನನ್ನ ಹೊಟ್ಟೆಗೆ ಯಾವ ಕಾಯಿಲೆಯೂ ಇರಲಿಲ್ಲ. ಅದು ಅಕ್ಕಿಯನ್ನೂ ಅರಗಿಸುತ್ತಿತ್ತು, ಗೋಧಿಯನ್ನೂ ಅರಗಿಸುತ್ತಿತ್ತು, ಕೊಟ್ಟಿದ್ದರೆ ಡೊಂಬಿವಲಿ ಸ್ಟೇಷನ್ನಿನ ಮೆಟ್ಟಿಲನ್ನೂ ಅರಗಿಸುತ್ತಿತ್ತು. ಕಾಯಿಲೆ ಇದ್ದದ್ದು ನಾಲಿಗೆಗೆ, ಅದೂ ರುಚಿ ನೋಡುವ ಕೆಲಸದಲ್ಲಿ ಅಲ್ಲ, ಮಾತಾಡುವ ಕೆಲಸದಲ್ಲಿ. ಇದನ್ನು ಪತ್ತೆ ಮಾಡಿದ್ದು ಡಾಕ್ಟರಲ್ಲ, ಒಂದು ಹೆಗ್ಗಣ. ಬದುಕಿದ್ದದ್ದೂ ಅಲ್ಲ, ಸತ್ತದ್ದು. ಎಪ್ಪತ್ತು ದಾಟಿದ ಹೆಂಗಸಿಗೆ ಸತ್ತ ಹೆಗ್ಗಣದಿಂದ ಬುದ್ಧಿ ಬರುವುದೆಂದರೆ ಮರ್ಯಾದೆಯ ಮಾತಲ್ಲ. ಆದರೆ ಬುದ್ಧಿ ಯಾವ ಬಿಲದಿಂದ ಬಂದರೂ ಬಾಗಿಲು ತೆಗೆಯಬೇಕಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು, ಕಾರ್ಕಳದ ಹತ್ತಿರದ ಶಾಲೆಯಲ್ಲಿ. ಹಾಗಾಗಿ ಇಲ್ಲಿ ಬರುವ ವಿಜ್ಞಾನವೆಲ್ಲ ಮೊಮ್ಮಗಳು ಮೃಣಾಲ್ ಹೇಳಿದ್ದು. ತಪ್ಪುಗಳು ಮಾತ್ರ ನನ್ನ ಸ್ವಂತ ದುಡಿಮೆ.

ಕೆಲವರು ಮಕ್ಕಳನ್ನು ಹೊಗಳಿಕೊಳ್ಳುತ್ತಾರೆ, ಕೆಲವರು ಬಂಗಾರವನ್ನು. ನನಗೆ ಹೊಗಳಿಕೊಳ್ಳಲಿಕ್ಕೆ ಇದ್ದದ್ದು ಒಂದು ನಾಜೂಕು ಹೊಟ್ಟೆ. "ನಮ್ಮದು ಕುಚ್ಚಲಕ್ಕಿಯ ಹೊಟ್ಟೆ, ಗೋಧಿ ಆಗುವುದಿಲ್ಲ" ಎಂದು ನಾನು ಹೇಳುವಾಗ ನನ್ನ ದನಿ ಕೇಳಬೇಕಿತ್ತು ನೀವು. ಅರಮನೆಯ ಹೊಟ್ಟೆಯನ್ನು ಸಾಲ ತಂದು ಇಟ್ಟುಕೊಂಡವಳ ಹಾಗೆ. ಎದುರಿನವರು "ಅಯ್ಯೋ ಪಾಪ" ಎನ್ನಬೇಕು, ಆಗ ನಾನು "ಎಂತ ಮಾಡುವುದು ಮಾರಾಯ್ತಿ, ಹುಟ್ಟುಗುಣ" ಎನ್ನಬೇಕು. ಇದು ನಮ್ಮ ಬಿಲ್ಡಿಂಗಿನಲ್ಲಿ, ಭಜನೆಯಲ್ಲಿ, ಮದುವೆ ಮನೆಗಳಲ್ಲಿ ವರ್ಷಗಟ್ಟಲೆ ನಡೆದ ಪಾತ್ರ. ವೇಷ ಕಳಚಲು ಯಾರೂ ಹೇಳಲಿಲ್ಲ, ನಾನೂ ಕಳಚಲಿಲ್ಲ.

ಮದುವೆಯಾಗಿ ನಾನು ಬಂದದ್ದು ಉಲ್ಹಾಸನಗರಕ್ಕೆ. ಯಜಮಾನರದು ಅಲ್ಲಿ ಒಂದು ಸಣ್ಣ ಹೋಟೆಲು. ಅಲ್ಲಿನ ಗಿರಾಕಿಗಳಿಗೆ ನಮ್ಮ ಸಾಂಬಾರು ಸಿಹಿ ಅನಿಸಿತು, ಬೆಲ್ಲ ತೆಗೆದರು. ಬೆಳ್ಳುಳ್ಳಿ ಹಾಕಿ ಅಂದರು, ಹಾಕಿದರು. ಇಡ್ಲಿಯ ಮೇಲೆ ಸೇವು ಉದುರಿಸಿ ಅಂದರು, ಕಣ್ಣು ಮುಚ್ಚಿಕೊಂಡು ಅದನ್ನೂ ಮಾಡಿದರು. ಸಾಂಬಾರು ಬದಲಾಯಿತು, ಹೋಟೆಲು ಬದಲಾಯಿತು, ಯಜಮಾನರೂ ಮಧ್ಯಾಹ್ನ ರೋಟಿ ದಾಲಿಗೆ ಒಗ್ಗಿದರು. ನಾನು ಮಾತ್ರ ಹಿಂದಿನ ಕೋಣೆಯಲ್ಲಿ ಗಂಜಿ, ಉಪ್ಪಿನಕಾಯಿ, ಸುಟ್ಟ ಹಪ್ಪಳ ಇಟ್ಟುಕೊಂಡು ಊರನ್ನು ಕಾಪಾಡುತ್ತಿದ್ದೆ. ಯಾರೂ ಕಾಪಾಡು ಎಂದು ಕೇಳಿರಲಿಲ್ಲ. ಊರಿಗೂ ಗೊತ್ತಿರಲಿಲ್ಲ.

ಆಮೇಲೆ ಯಜಮಾನರು ಹೋದರು, ಹೋಟೆಲು ಹೋಯಿತು, ಮಗ ಸುಧಾಕರನ ಜೊತೆ ಡೊಂಬಿವಲಿಗೆ ಬಂದೆ. ಅವನಿಗೆ ಠಾಣೆಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್ ಕೆಲಸ. ಊರೆಲ್ಲ ಮಲಗಿದ ಮೇಲೆ ಬಂದು, ಊರೆಲ್ಲ ಎದ್ದ ಮೇಲೆ ಏಳುವವನು. ಅವನ ಹೆಂಡತಿ ಸುನಂದಾ, ಕಲ್ಯಾಣದ ಮರಾಠಿ ಹುಡುಗಿ. ಪ್ರೀತಿಸಿ ಮದುವೆ. ನಾನು ಬೇಡ ಅನ್ನಲಿಲ್ಲ. ಅಂದಿದ್ದರೂ ಅವನು ಕೇಳುತ್ತಿರಲಿಲ್ಲ, ಅದು ಗೊತ್ತಿದ್ದೇ ಅನ್ನಲಿಲ್ಲ. ಆದರೆ ಅವಳು ಮನೆಗೆ ಬಂದ ಮೊದಲ ದಿನ ಬಿಸಿಬಿಸಿ ಚಪಾತಿ ಮಾಡಿ ನನ್ನ ತಟ್ಟೆಗೆ ಹಾಕಿದಾಗ, ಬೇಡ ಅನ್ನಲು ಒಂದು ವಿಷಯ ಸಿಕ್ಕಿತು.

"ನನಗೆ ಗೋಧಿ ಆಗುವುದಿಲ್ಲ."

"ಆಗುವುದಿಲ್ಲ ಅಂದರೆ ಏನಾಗುತ್ತೆ ಆಯಿ?"

ಏನಾಗುತ್ತದೆ ಎಂದು ನಾನು ಯೋಚಿಸಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ: "ಉಬ್ಬರ."

ಒಂದು ಸುಳ್ಳು ಹೇಳುವುದು ಸುಲಭ, ಸಾಕುವುದು ಕಷ್ಟ. ಅಂದಿನಿಂದ ಆ ಉಬ್ಬರವನ್ನು ನಾನು ಸಾಕಿದೆ. ಯಾರಾದರೂ ಚಪಾತಿ ತೋರಿಸಿದರೆ ಹೊಟ್ಟೆಯ ಮೇಲೆ ಕೈ ಇಡುತ್ತಿದ್ದೆ. ಕ್ರಮೇಣ ನಿಜವಾಗಿಯೂ ಒಂದು ಥರಾ ಆಗಲು ಶುರುವಾಯಿತು. ಹೊಟ್ಟೆ ಪಾಪದ್ದು, ಹೇಳಿದ ಹಾಗೆ ಕೇಳುತ್ತದೆ.

ಅಷ್ಟು ವರ್ಷ ಇದರಿಂದ ಯಾರಿಗೂ ಅಂಥ ತೊಂದರೆಯಾಗಲಿಲ್ಲ. ನನ್ನ ಗಂಜಿ ನಾನೇ ಬೇಯಿಸಿಕೊಳ್ಳುತ್ತಿದ್ದೆ, ಅವರ ಚಪಾತಿ ಅವರು ಮಾಡಿಕೊಳ್ಳುತ್ತಿದ್ದರು. ಒಂದೇ ಅಡುಗೆಮನೆಯಲ್ಲಿ ಎರಡು ರಾಜ್ಯ, ಗಡಿ ಗಲಾಟೆ ಇಲ್ಲ. ಎಲ್ಲ ಕೆಟ್ಟದ್ದು ಹೆಗ್ಗಣದಿಂದ.

ನಮ್ಮದು ಹಳೆಯ ಬಿಲ್ಡಿಂಗು, ನಾವು ಇರುವುದು ನೆಲಮಹಡಿಯಲ್ಲಿ. ಹಿಂದಿನ ಗಲ್ಲಿಯಲ್ಲಿ ವಡಾಪಾವ್ ಗಾಡಿ, ಅದರ ಪಕ್ಕ ಸಂಜೆಗೆ ನೂಡಲ್ಸು ಹುರಿಯುವ ಇನ್ನೊಂದು ಗಾಡಿ. ಎರಡರ ಉಳಿಕೆಯೂ ಒಂದೇ ಮೋರಿಗೆ. ಆ ಮೋರಿಯ ಪಕ್ಕ ನೆಲದ ಕೆಳಗೆ ಹೆಗ್ಗಣಗಳ ಸಂಸಾರ. ಇಲ್ಲಿಯವರು ಘೂಸ್ ಅನ್ನುತ್ತಾರೆ, ನಮ್ಮ ತುಳುವಿನಲ್ಲಿ ಪೆರ್ಗುಡೆ. ಹೆಸರು ಮೂರಾದರೂ ಕೆಲಸ ಒಂದೇ: ತೋಡುವುದು. ಆ ಮಳೆಗಾಲದಲ್ಲಿ ಅವು ಗೇಟಿನ ಹತ್ತಿರದ ಚಪ್ಪಡಿಕಲ್ಲಿನ ಅಡಿಯಿಂದ ಮಣ್ಣೆಲ್ಲ ತೆಗೆದಿದ್ದವು. ಮೇಲೆ ಕಲ್ಲು ಇತ್ತು, ಕೆಳಗೆ ಏನೂ ಇರಲಿಲ್ಲ. ತರಕಾರಿ ತರಲು ಹೊರಟ ನಾನು ಕಲ್ಲನ್ನು ನಂಬಿ ಕಾಲಿಟ್ಟೆ. ಕಲ್ಲು ಕುಸಿಯಿತು, ನಾನು ಬಿದ್ದೆ, ಬಲಗೈಯ ಮಣಿಕಟ್ಟು ಮುರಿಯಿತು. ವಾಚ್‌ಮನ್ ಓಡಿ ಬಂದು ಮೊದಲು ನೋಡಿದ್ದು ಕಲ್ಲನ್ನು, ಆಮೇಲೆ ನನ್ನನ್ನು. ಕಲ್ಲು ಸೊಸೈಟಿಯದು ನೋಡಿ.

ಪ್ಲಾಸ್ಟರು ಬಿಚ್ಚಿದ ಮೇಲೂ ಕೈಗೆ ಬಲ ಬರಲಿಲ್ಲ. ಲೋಟ ಎತ್ತಬಹುದು, ಅನ್ನದ ಪಾತ್ರೆ ಎತ್ತಲಾಗದು. ಕುಚ್ಚಲಕ್ಕಿ ಗೊತ್ತಿದ್ದವರಿಗೆ ಗೊತ್ತು, ಬೇಯಿಸುವುದು ಅರ್ಧ ಕೆಲಸ, ಬಸಿಯುವುದು ಇನ್ನರ್ಧ. ಕುದಿಯುವ ತಿಳಿ ತುಂಬಿದ ಪಾತ್ರೆಯನ್ನು ಎರಡು ಕೈಯಲ್ಲಿ ಬಗ್ಗಿಸಬೇಕು. ಹಾಗಾಗಿ ಆ ಕೆಲಸ ಸುನಂದಾಳ ತಲೆಗೆ ಬಂತು. ಅವಳು ಐರೋಲಿಯ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ, ಹೊರದೇಶದ ಆಸ್ಪತ್ರೆಗಳ ಬಿಲ್ಲುಗಳನ್ನು ಕಂಪ್ಯೂಟರಿನಲ್ಲಿ ತಿದ್ದುವ ಕೆಲಸ. ಬೆಳಗ್ಗೆ ಎದ್ದು ನನ್ನ ಅಕ್ಕಿ ಇಡಬೇಕು. ಅದು ಗಂಟೆಗಟ್ಟಲೆ ಕುದಿಯುತ್ತಾ ಕೂತಾಗ ಪಕ್ಕದ ಒಲೆಯಲ್ಲಿ ಮೂರು ಡಬ್ಬಿಗಳಿಗೆ ಚಪಾತಿ, ಭಾಜಿ. ಆಮೇಲೆ ಗಂಜಿ ಬಸಿದು, ಮುಚ್ಚಿಟ್ಟು, ಸ್ಟೇಷನ್ನಿಗೆ ಓಡಿ, ಠಾಣೆಯಲ್ಲಿ ಇಳಿದು, ಇನ್ನೊಂದು ಗಾಡಿ ಹಿಡಿಯಬೇಕು.

"ಕುಕ್ಕರ್‌ನಲ್ಲಿ ಇಡಲಾ ಆಯಿ?" ಎಂದು ಒಮ್ಮೆ ಕೇಳಿದಳು.

"ಕುಕ್ಕರಿನದು ನನಗೆ ಉಬ್ಬರ."

"ರಾತ್ರಿನೇ ಮಾಡಿಟ್ಟರೆ?"

"ತಂಗಳು ಪಿತ್ತ."

ಅಡುಗೆಗೆ ಒಬ್ಬ ಕೆಲಸದ ಹೆಂಗಸನ್ನು ಇಟ್ಟು ನೋಡಿದರು. ಅವಳು ಗಂಜಿಯ ತಿಳಿಯನ್ನೆಲ್ಲ ಮೋರಿಗೆ ಚೆಲ್ಲಿ, ಬರೀ ಅನ್ನ ತಂದಿಟ್ಟಳು. ತಿಳಿ ಚೆಲ್ಲುವವಳ ಕೈಯಲ್ಲಿ ನಾನು ಉಣ್ಣುವುದಿಲ್ಲ ಎಂದೆ. ಅವಳೂ ನನ್ನಂಥವಳಿಗೆ ಬೇಯಿಸುವುದಿಲ್ಲ ಎಂದಳು. ಆ ಒಂದು ವಿಷಯದಲ್ಲಿ ನಾವಿಬ್ಬರೂ ಒಮ್ಮತಕ್ಕೆ ಬಂದೆವು.

ಇನ್ನು ಮೃಣಾಲ್. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದಳು, ಕೊನೆಯ ವರ್ಷ. ಏನಾದರೊಂದು ಪ್ರಾಣಿಯನ್ನು ಹಿಡಿದು ವರ್ಷವಿಡೀ ನೋಡಿ ಬರೆಯಬೇಕಂತೆ. ಜೊತೆಯ ಹುಡುಗಿಯರು ಚಿಟ್ಟೆ, ಕೊಕ್ಕರೆ ಎಂದೆಲ್ಲ ಚೆಂದದ್ದನ್ನು ಆರಿಸಿಕೊಂಡರು. ನಮ್ಮವಳು, ಅಜ್ಜಿಯ ಕೈ ಮುರಿದ ಪ್ರಾಣಿಯನ್ನು ಆರಿಸಿಕೊಂಡಳು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಗಾದೆ. ಹೆತ್ತವರು ಪಾಪ ಸುಮ್ಮನಿದ್ದರು, ನಮ್ಮ ಮನೆಯಲ್ಲಿ ಮಗಳಿಗೇ ಹೆಗ್ಗಣ ಮುದ್ದಾಯಿತು.

ವಾಚ್‌ಮನ್ ಬೋನಿಟ್ಟು ಹಿಡಿದ ಹೆಗ್ಗಣಗಳನ್ನು ಅವಳು ಕಾಲೇಜಿಗೆ ಒಯ್ದಳು. ಕಲ್ಯಾಣ ದಾಟಿ ಇನ್ನೂ ಆಚೆ ಗದ್ದೆ ಇರುವ ಕಡೆ, ರೈತರು ಹಿಡಿದು ಕೊಂದವನ್ನೂ ತಂದಳು. ಎರಡನ್ನೂ ಕೊಯ್ದು ಕರುಳು ಅಳೆಯುವುದು ಅವಳ ಕೆಲಸ. ನನಗೆ ಮೊದಲು ಸಂತೋಷವೇ ಆಯಿತು. ನನ್ನ ಕೈ ಮುರಿದದ್ದಕ್ಕೆ ತಕ್ಕ ಶಾಸ್ತಿ ಅಂತ. ಆದರೆ ಮೃಣಾಲ್‌ಗೆ ಸೇಡಿನಲ್ಲಿ ಆಸಕ್ತಿ ಇರಲಿಲ್ಲ. ಒಂದು ದಿನ ಸಂಜೆ ಬಂದವಳೇ ನನ್ನ ಮಂಚದ ಮೇಲೆ ಎರಡು ಬಿಳಿ ನೂಲು ಉದ್ದಕ್ಕೆ ಹಾಸಿದಳು. ಒಂದು ಮಂಚದಿಂದ ಕೆಳಗೆ ಇಳಿಯಿತು, ಇನ್ನೊಂದು ದಿಂಬಿನ ಹತ್ತಿರ ಶುರುವಾಗಿ ಮಂಚದ ಮೇಲೇ ಮುಗಿಯಿತು.

"ಅಜ್ಜೀ, ದೇಖ್. ಇದು ಗದ್ದೆಯ ಘೂಸ್, ಇದು ನಮ್ಮ ಗಲ್ಲಿಯ ಘೂಸ್. ಕರುಳು ಅಳೆದು ಅಷ್ಟೇ ನೂಲು ಕತ್ತರಿಸಿ ತಂದಿದ್ದೇನೆ."

"ಥೂ, ನಾನು ಮಲಗುವ ಜಾಗ ಅದು."

"ನೂಲು ಮಾತ್ರ ಅಜ್ಜೀ. ಕರುಳು ಕಾಲೇಜಲ್ಲೇ ಇದೆ."

ಅವಳ ಕನ್ನಡ ಹೀಗೆ, ಹಿಂದಿಯ ಬೆಂಚಿನ ಮೇಲೆ ಮರಾಠಿಯ ಕಾಲು ಚಾಚಿ ಕೂತದ್ದು. ಆದರೆ ಹೆಗ್ಗಣದ ಬಗ್ಗೆ ಹೇಳುವಾಗ ಮಾತ್ರ ನನಗಾಗಿ ಒಂದೊಂದೇ ಶಬ್ದ ಹುಡುಕಿ ಹೇಳುತ್ತಿದ್ದಳು. ಅದಕ್ಕೇ ಕೂತು ಕೇಳಿದೆ.

ಹೆಗ್ಗಣದ ಹೊಟ್ಟೆ ಕಟ್ಟಿ ಮುಗಿಸಿದ ಮನೆಯಲ್ಲವಂತೆ. ರಿಪೇರಿ ನಡೆಯುತ್ತಲೇ ಇರುವ ಮನೆಯಂತೆ. ಗದ್ದೆಯಲ್ಲಿ ಭತ್ತ ಇರುವಾಗ ಭತ್ತ ತಿನ್ನುತ್ತದೆ. ಕೊಯ್ಲು ಮುಗಿದು ಭತ್ತ ಹೋಯಿತೋ, ಬೇರು, ಗಡ್ಡೆ, ಹುಲ್ಲಿನ ಬುಡ. ಅಂಥ ಒರಟು ತಿನ್ನತೊಡಗಿದರೆ ಕರುಳು ಹಿಗ್ಗುತ್ತದೆ. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವಲ್ಲಿ ಒಂದು ಚೀಲ ಇದೆಯಂತೆ, ಅದು ಇನ್ನೂ ದೊಡ್ಡದಾಗುತ್ತದೆ. ಆ ಚೀಲದಲ್ಲಿ ಕಣ್ಣಿಗೆ ಕಾಣದ ಜೀವಿಗಳು ಕೂತು ನಾರನ್ನು ಹುಳಿ ಬರಿಸುತ್ತವೆ. ನಾನು ಕೇಳಿದೆ, ದೋಸೆಹಿಟ್ಟಿನ ಹಾಗೆಯಾ ಎಂದು. ಅವಳು ಸ್ವಲ್ಪ ಯೋಚಿಸಿ, ಹೌದು, ಹೊಟ್ಟೆಯೊಳಗೆ ಒಂದು ದೋಸೆಹಿಟ್ಟಿನ ಪಾತ್ರೆ ಇಟ್ಟುಕೊಂಡು ತಿರುಗುತ್ತದೆ ಎಂದಳು. ಅಂದಿನಿಂದ ಹೆಗ್ಗಣದ ಮೇಲೆ ನನಗೆ ತುಸು ಗೌರವ. ನಮ್ಮ ಹೋಟೆಲಿನಲ್ಲಿ ಹಿಟ್ಟು ಹುಳಿ ಬಾರದ ಚಳಿಗಾಲಗಳಲ್ಲಿ ಯಜಮಾನರು ಪಟ್ಟ ಪಾಡು ನಾನು ಕಂಡಿದ್ದೇನೆ.

ಮತ್ತೆ ಒಳ್ಳೆಯ ಮೆತ್ತಗಿನ ಆಹಾರ ಸಿಕ್ಕಿತೋ, ಕರುಳು ತಾನಾಗಿ ಕುಗ್ಗುತ್ತದೆ. ಯಾಕೆ ಕುಗ್ಗಬೇಕು, ಇರಲಿ ಬಿಡು, ಮುಂದಕ್ಕೆ ಬೇಕಾದೀತು ಎಂದೆ. ಇಟ್ಟುಕೊಳ್ಳುವುದಕ್ಕೇ ಖರ್ಚು ಅಜ್ಜೀ, ಅಷ್ಟು ದೊಡ್ಡ ಕರುಳನ್ನು ಸಾಕಲಿಕ್ಕೇ ಅರ್ಧ ಆಹಾರ ಬೇಕು ಎಂದಳು. ಅದು ನನಗೆ ಕೂಡಲೇ ಅರ್ಥವಾಯಿತು. ಗಿರಾಕಿ ಇಲ್ಲದ ದಿನಗಳಲ್ಲಿ ನಮ್ಮ ಯಜಮಾನರು ಇಬ್ಬರು ಸಪ್ಲಾಯರುಗಳನ್ನು ಊರಿಗೆ ಕಳಿಸುತ್ತಿದ್ದರು, ಹಬ್ಬ ಬಂದಾಗ ಕರೆಸುತ್ತಿದ್ದರು. ಹೆಗ್ಗಣವೂ ಹೋಟೆಲು ನಡೆಸುತ್ತದೆ ಅನ್ನಿ. ಚಳಿ ಹೆಚ್ಚಾದರೆ ಮೈ ಬಿಸಿಯಿಡಲು ಹೆಚ್ಚು ತಿನ್ನಬೇಕು, ಆಗಲೂ ಕರುಳು ಬೆಳೆಯುತ್ತದಂತೆ. ಮರಿಗೆ ಹಾಲೂಡಿಸುವ ಹೆಣ್ಣಿಗಂತೂ ಇನ್ನೂ. ಬಾಣಂತಿಗೆ ಹಸಿವು ಹೆಚ್ಚು ಎಂಬುದು ಹೆಗ್ಗಣದ ಕರುಳಿಗೆ ಗೊತ್ತು. ನನ್ನ ಅತ್ತೆಗೆ ಗೊತ್ತಿರಲಿಲ್ಲ.

ಇದೆಲ್ಲ ಕೇಳುವಾಗ ನನ್ನ ಬಾಲ್ಯ ನೆನಪಾಯಿತು. ನಮ್ಮೂರಲ್ಲಿ ಕೊಯ್ಲು ಮುಗಿದ ಮೇಲೆ, ಗದ್ದೆ ಇಲ್ಲದ ಮನೆಯ ಹೆಂಗಸರು ಗುದ್ದಲಿ ಹಿಡಿದು ಅಂಚುಕಟ್ಟೆಯ ಬಿಲಗಳನ್ನು ಅಗೆಯುತ್ತಿದ್ದರು. ಹೆಗ್ಗಣ ಒಳಗೆ ತೆನೆ ಕೂಡಿಟ್ಟಿರುತ್ತದೆ, ಅಚ್ಚುಕಟ್ಟಾಗಿ. ಅದನ್ನು ತೆಗೆದು, ತೊಳೆದು, ಒಣಗಿಸಿ, ಬೇಯಿಸಿ ಕುಟ್ಟಿದರೆ ಅದೂ ಕುಚ್ಚಲಕ್ಕಿಯೇ. ನನ್ನ ಅಮ್ಮನೂ ಅಗೆದಿದ್ದಾಳೆ, ನಾನೂ ಉಂಡಿದ್ದೇನೆ. ಅರಮನೆಯ ಹೊಟ್ಟೆ ಎಂದೆನಲ್ಲ, ಅದು ಬೆಳೆದದ್ದು ಹೆಗ್ಗಣದ ಉಗ್ರಾಣದಲ್ಲಿ.

ಕರುಳು ಎಂದ ಕೂಡಲೇ ನಮ್ಮ ಜನ ಕಣ್ಣೊರೆಸಿಕೊಳ್ಳುತ್ತಾರೆ. ಕರುಳ ಬಳ್ಳಿ, ತಾಯಿ ಕರುಳು, ಕರುಳು ಚುರುಕ್ ಅಂತು. ಭಜನೆಗೆ ಬರುವ ಹೆಂಗಸೊಬ್ಬಳು ಮಗ ಫೋನ್ ಮಾಡಲಿಲ್ಲವೆಂದು ಹೀಗೆ ಅಳುತ್ತಿದ್ದಾಗ ನಾನು, ಕರುಳು ಅಂದರೆ ನೂಲಿನಷ್ಟು ಸಪೂರ, ಮಂಚದಷ್ಟು ಉದ್ದ, ಒಳಗೆ ಹುಳಿಹಿಟ್ಟು ಎಂದು ಹೇಳಿದೆ. ಅವಳು ನನ್ನ ಪಕ್ಕದಿಂದ ಎದ್ದು ಆಚೆ ಹೋಗಿ ಕೂತಳು. ಹೊಸ ವಿದ್ಯೆ ಕಲಿತವರಿಗೆ ಇಷ್ಟು ಕಷ್ಟ ಇದ್ದದ್ದೇ.

ಹೀಗೆ ಹೆಗ್ಗಣದ ಹೊಟ್ಟೆಯ ಬಗ್ಗೆ ಪಂಡಿತಳಾಗುತ್ತಿದ್ದ ನನಗೆ ಮನೆಯಲ್ಲಿ ಏನಾಗುತ್ತಿದೆ ಎಂಬುದು ಕಾಣಲಿಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ಓಡಿಸಿದರಂತೆ. ನಾನು ಆ ಹೆಗ್ಗಣದಿಂದಲೇ ಪಾಠ ಹೇಳಿಸಿಕೊಳ್ಳುತ್ತಾ ಕೂತಿದ್ದೆ.

ವಿಷಯ ಇದು. ಸುನಂದಾಳ ಆಫೀಸಿನಲ್ಲಿ ಬೆಳಗಿನ ಪಾಳಿಗೆ ಮೇಲ್ವಿಚಾರಕಿ ಬೇಕಾಗಿದ್ದಳು. ತನಗಿಂತ ಚಿಕ್ಕವರ ಕೈಕೆಳಗೆ ವರ್ಷಗಟ್ಟಲೆ ದುಡಿದ ಮೇಲೆ ಅವಳನ್ನು ಕರೆದು ಕೇಳಿದ್ದರು. ಆದರೆ ಆ ಪಾಳಿಗೆ ಆಫೀಸಿನ ಬಸ್ಸು ಬರುವುದು ಹಾಲಿನವನು ಬರುವ ಮೊದಲೇ. ಚಪಾತಿಯನ್ನಾದರೆ ಹಿಂದಿನ ರಾತ್ರಿಯೇ ಮಾಡಿಡಬಹುದು. ನನ್ನ ಗಂಜಿಯನ್ನು ಇಡುವ ಹಾಗಿಲ್ಲ, ಬಸಿಯದೆ ಹೋಗುವ ಹಾಗಿಲ್ಲ. ಮಗ ತಡವಾಗಿ ಏಳುವವನು, ಮೃಣಾಲ್‌ಗೆ ಬೆಳಗ್ಗೆಯೇ ಕಾಲೇಜು. ಸೋಮವಾರ ಉತ್ತರ ಹೇಳಬೇಕು, ಇಲ್ಲವೆಂದರೆ ಪಕ್ಕದ ಕುರ್ಚಿಯವಳಿಗೆ ಕೊಡುತ್ತಾರೆ, ಇವಳ ಸರದಿ ಮತ್ತೆ ಬರುವುದಿಲ್ಲ.

ಇದನ್ನು ನನಗೆ ಸುನಂದಾ ಹೇಳಲಿಲ್ಲ. ಅವಳು ಹೊಸ ಚಪ್ಪಲಿ ತಂದಿದ್ದಳು, ಅದನ್ನು ಪೆಟ್ಟಿಗೆಯಿಂದ ತೆಗೆದಿರಲಿಲ್ಲ, ಅಷ್ಟೇ ನಾನು ನೋಡಿದ್ದು. ಹೇಳಿದ್ದು ಸುಧಾಕರ, ಅದೂ ಶುಕ್ರವಾರ ಹಲ್ಲುಜ್ಜುತ್ತಾ.

"ಅಮ್ಮಾ, ಅವಳು ಬೇಡ ಅಂತಾಳೆ. ನಿಮ್ಮ ಊಟದ್ದು ಆಗುವುದಿಲ್ಲವಲ್ಲ."

ನಾನು ಏನು ಹೇಳಬೇಕಿತ್ತು? ಹೇಳಿದ್ದು ಇದು: "ನನ್ನಿಂದ ಯಾರ ಕೆಲಸವೂ ನಿಲ್ಲುವುದು ಬೇಡ. ನಾನು ಉಪವಾಸ ಇರುತ್ತೇನೆ."

ಉಪವಾಸ ಇರುತ್ತೇನೆ ಎನ್ನುವ ಮುದುಕಿಯಷ್ಟು ದುಬಾರಿ ವಸ್ತು ಮನೆಯಲ್ಲಿ ಇನ್ನೊಂದಿಲ್ಲ. ಮಗ ಬಾಯಿ ಮುಕ್ಕಳಿಸಿ ಮುಖ ಒರೆಸಿಕೊಂಡ. ಸುನಂದಾ ಒಳಗಿನಿಂದ, "ಜಾವೂ ದೇ, ಹೋಗಲಿ ಬಿಡಿ, ವಿಷಯ ಮುಗೀತು" ಎಂದಳು. ನನ್ನ ಮನಸ್ಸಿಗೆ, ನಾನು ಉದಾರವಾಗಿ ನಡೆದುಕೊಂಡೆ ಎಂದೇ ಅನಿಸಿತ್ತು. ಗಂಜಿ ಅವತ್ತು ರುಚಿಯಾಗಿಯೂ ಇತ್ತು.

ಮರುದಿನ ಶನಿವಾರ. ಶನಿವಾರ ನನಗೆ ಒಪ್ಪೊತ್ತು. ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ: ಮಧ್ಯಾಹ್ನ ಮಾತ್ರ ಅನ್ನ, ರಾತ್ರಿ ಅನ್ನ ಮುಟ್ಟುವ ಹಾಗಿಲ್ಲ, ಫಲಾಹಾರ. ಫಲಾಹಾರವೆಂದರೆ ಫಲವೇ ಆಗಬೇಕೆಂದಿಲ್ಲ. ಅವಲಕ್ಕಿ, ಉಪ್ಪಿಟ್ಟು, ಚಪಾತಿ, ಏನಾದರೂ ಸರಿ, ಅನ್ನ ಅಲ್ಲದಿದ್ದರೆ ಆಯಿತು. ಮದುವೆಗೆ ಮೊದಲಿನಿಂದ ನಾನು ನಡೆಸಿಕೊಂಡು ಬಂದ ವ್ರತ, ಒಂದು ಶನಿವಾರವೂ ತಪ್ಪಿಸಿದವಳಲ್ಲ.

ಸಂಜೆ ದೀಪ ಹಚ್ಚಿ, ಜಪ ಮುಗಿಸಿ, ಅಡುಗೆಮನೆಯಲ್ಲಿ ಕೂತೆ. ಸುನಂದಾ ಚಪಾತಿ ಲಟ್ಟಿಸುತ್ತಿದ್ದಳು. ಬಿಸಿಯಾದದ್ದು ಒಂದು ನನ್ನ ತಟ್ಟೆಗೆ ಬಿತ್ತು, ಜೊತೆಗೆ ಬಟಾಟೆ ಭಾಜಿ. ತಿಂದೆ. ಇನ್ನೊಂದು ಬಿತ್ತು. ಅದನ್ನು ಮುರಿಯುವಾಗ ಎದುರಿಗೆ ಮೃಣಾಲ್ ಕೂತು ನನ್ನನ್ನೇ ನೋಡುತ್ತಿರುವುದು ಕಂಡಿತು. ಬೋನಿನೊಳಗಿನದ್ದನ್ನು ಅವಳು ನೋಡುವ ರೀತಿ ನನಗೆ ಗೊತ್ತು. ಅದೇ ನೋಟ.

"ಎಂತ ನೋಡುತ್ತಿ?"

"ಅಜ್ಜೀ, ನೀನು ಏನು ತಿಂತಾ ಇದ್ದಿ?"

"ಫಲಾಹಾರ."

"ಇದು ಯಾವುದರದ್ದು?"

"ಯಾವುದರದ್ದು ಅಂದರೆ? ಚಪಾತಿ. ಗೋಧಿಯದ್ದು."

ಹೇಳಿದ ಮೇಲೆ ನನ್ನ ಕೈ ಬಾಯಿಯ ಹತ್ತಿರ ನಿಂತಿತು. ಸುನಂದಾಳ ಲಟ್ಟಣಿಗೆಯೂ ನಿಂತಿತು.

"ನಿನಗೆ ಗೋಧಿ ಆಗಲ್ಲ," ಮೃಣಾಲ್ ಎಂದಳು.

"ಇದು ಊಟ ಅಲ್ಲ. ಇದು ಒಪ್ಪೊತ್ತಿನದ್ದು."

"ಉಪವಾಸಾಲಾ ಪೋಳೀ!" ಉಪವಾಸಕ್ಕೆ ಚಪಾತಿಯಾ ಎಂದು ಸುನಂದಾ ಹಣೆ ಚಚ್ಚಿಕೊಂಡಳು. ಇದು ಅವಳ ಹಳೆಯ ತಕರಾರು. ಅವರಲ್ಲಿ ಉಪವಾಸವೆಂದರೆ ಸಾಬಕ್ಕಿ ಖಿಚಡಿ, ಶೇಂಗಾ. ಅಕ್ಕಿಯೂ ಇಲ್ಲ, ಗೋಧಿಯೂ ಇಲ್ಲ. ಚಪಾತಿ ತಿಂದು ಉಪವಾಸ ಎನ್ನುವ ಅತ್ತೆಯನ್ನು ಕಂಡು ಮದುವೆಯಾದ ವರ್ಷವೇ ಅವಳು ತನ್ನ ತಾಯಿಗೆ ಫೋನಿನಲ್ಲಿ ಹೇಳಿ ನಕ್ಕಿದ್ದಳು. ನಾವು ಉಪವಾಸಕ್ಕೆ ತಿನ್ನುವುದು ಅವರ ದಿನದ ಊಟ.

"ಆಗಲಿ ಅಜ್ಜೀ," ಮೃಣಾಲ್ ಬಿಡಲಿಲ್ಲ. "ಉಬ್ಬರ ಬರುತ್ತಾ ಈಗ?"

"ಇಲ್ಲ."

"ಹೋದ ಶನಿವಾರ?"

"ಇಲ್ಲ."

"ಗೋಳಿಬಜೆ ತಿಂದಾಗ? ಬನ್ಸ್ ತಿಂದಾಗ? ಅದು ಮೈದಾ. ಮೈದಾ ಅಂದರೆ ಗೋಧಿ."

"ಅದು ತಿಂಡಿ."

"ಹಾಗಾದರೆ ತಿಂಡಿ ಅಂದರೆ ಆಗುತ್ತೆ, ಒಪ್ಪೊತ್ತು ಅಂದರೆ ಆಗುತ್ತೆ, ಊಟ ಅಂದರೆ ಮಾತ್ರ ಆಗಲ್ಲ." ಅವಳು ಬೆರಳು ಮಡಚುತ್ತಾ ಗಂಭೀರವಾಗಿ ಹೇಳಿದಳು. "ಅಜ್ಜೀ, ಆಹಾರ ಬದಲಾದರೆ ಘೂಸ್‌ಗೆ ಒಗ್ಗಲಿಕ್ಕೆ ಎಷ್ಟೋ ದಿನ ಬೇಕು. ಕರುಳು ನಿಧಾನಕ್ಕೆ ಬದಲಾಗಬೇಕು. ನಿನ್ನದು ಶನಿವಾರ ದೀಪ ಹಚ್ಚಿದ ಕೂಡಲೇ ಗೋಧಿಯ ಕರುಳು ಆಗುತ್ತೆ, ಆದಿತ್ಯವಾರ ಬೆಳಗ್ಗೆ ಮತ್ತೆ ಅಕ್ಕಿಯ ಕರುಳು. ಇಂಥ ಪ್ರಾಣಿ ಯಾವ ಬಿಲದಲ್ಲೂ ಸಿಕ್ಕಿಲ್ಲ. ಸರ್‌ಗೆ ಹೇಳ್ತೀನಿ, ಒಂದು ಸಲ ನೋಡಲಿ."

ಸುನಂದಾ ನಗಲು ಶುರುಮಾಡಿದಳು. ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡು, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಷ್ಟು ದಿನಗಳಲ್ಲಿ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ. ನೋಡಿರಲಿಲ್ಲ ಎಂಬುದೂ ಆಗಲೇ ಗೊತ್ತಾದದ್ದು. ನಕ್ಕು ಮುಗಿದ ಮೇಲೆ ಮೂಗಿನ ಮೇಲಿನ ಹಿಟ್ಟು ಒರೆಸಿಕೊಂಡು, ತವಾದ ಮೇಲಿನದ್ದನ್ನು ಮಗುಚಿದಳು. ಆಫೀಸಿನ ಮಾತು ಎತ್ತಲಿಲ್ಲ. ಎತ್ತಿದ್ದರೆ ನಾನು ಜಗಳವಾಡಿ ಗೆಲ್ಲುತ್ತಿದ್ದೆ. ಎತ್ತದೆ ಇದ್ದುದರಿಂದ ಕೈಯಲ್ಲಿದ್ದ ತುಂಡನ್ನು ನುಂಗುವುದು ಬಿಟ್ಟು ನನಗೆ ಬೇರೆ ದಾರಿ ಇರಲಿಲ್ಲ. ನುಂಗಿದೆ. ಸಲೀಸಾಗಿ ಇಳಿಯಿತು, ಅದೇ ಅವಮಾನ.

ಮಂಚದ ಮೇಲೆ ಬಿದ್ದುಕೊಂಡು ಯೋಚಿಸಿದೆ. ಹೆಗ್ಗಣಕ್ಕೆ ನಾಲಿಗೆ ಇದೆ, ಮಾತು ಇಲ್ಲ. ಹಾಗಾಗಿ ಅದರ ಹೊಟ್ಟೆಗೆ ಬೇಕಾದ ಹಾಗೆ ಬದಲಾಗಲು ಬಿಡುವು ಸಿಗುತ್ತದೆ. ಗದ್ದೆ ಹೋಗಿ ಬಿಲ್ಡಿಂಗು ಬಂದಾಗ ಅದು, ನಮ್ಮದು ಭತ್ತದ ಹೊಟ್ಟೆ, ವಡಾಪಾವ್ ಆಗುವುದಿಲ್ಲ ಎಂದು ಯಾರ ಹತ್ತಿರವೂ ಹೇಳಿಕೊಂಡು ತಿರುಗಲಿಲ್ಲ. ಮನುಷ್ಯರ ಹೊಟ್ಟೆಯೂ ಒಗ್ಗುತ್ತದೆ, ಆದರೆ ಒಗ್ಗಿದ್ದನ್ನು ಬಾಯಿ ಒಪ್ಪಬೇಕಲ್ಲ. ನಾನು ಕಾಪಾಡಿದ್ದು ಊರನ್ನೂ ಅಲ್ಲ, ಹೊಟ್ಟೆಯನ್ನೂ ಅಲ್ಲ. ಮದುವೆಯಾಗಿ ಬಂದ ಹುಡುಗಿಯ ಎದುರು ಮೊದಲ ದಿನ ಬಾಯಿಗೆ ಬಂದ ಒಂದು ಶಬ್ದವನ್ನು. ಹೀಗೆ ಯೋಚಿಸುತ್ತಾ ಉಬ್ಬರ ಬರುತ್ತದೋ ಎಂದು ಕಾದೆ. ಬಂದಿದ್ದರೆ ಎಷ್ಟು ಉಪಕಾರವಾಗುತ್ತಿತ್ತು! ಬರಲಿಲ್ಲ. ನಿದ್ದೆ ಬಂತು.

ಮರುದಿನ ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದೆ. ಆದಿತ್ಯವಾರ, ಸುನಂದಾ ಇನ್ನೂ ಮಲಗಿದ್ದಳು, ಅಕ್ಕಿ ಇಟ್ಟಿರಲಿಲ್ಲ. ಡಬ್ಬಿಯ ಮುಚ್ಚಳ ತೆಗೆದೆ. ಹಿಂದಿನ ದಿನದ ಚಪಾತಿ ಉಳಿದಿದ್ದವು, ತಣ್ಣಗೆ, ಚರ್ಮದ ಹಾಗೆ. ಒಂದನ್ನು ತೆಗೆದು ತಟ್ಟೆಗೆ ಹಾಕಿ, ಪಕ್ಕದಲ್ಲಿ ಮಾವಿನಮಿಡಿ ಉಪ್ಪಿನಕಾಯಿ ಇಟ್ಟು, ಗಂಜಿಗೆ ಕೂರುವ ಮಣೆಯ ಮೇಲೆ ಕೂತು ಜಗಿಯತೊಡಗಿದೆ. ಪಾತ್ರೆಯ ಸದ್ದಿಗೆ ಸುನಂದಾ ಎದ್ದು ಬಂದು ಬಾಗಿಲಲ್ಲಿ ನಿಂತಳು.

"ಆಯಿ, ಬರಂ ವಾಟತ್ ನಾಹೀ ಕಾ?" ಮೈಗೆ ಹುಷಾರಿಲ್ಲವಾ ಎಂದು ಕೇಳಿದ್ದು.

"ಇವತ್ತು ಯಾವ ವಾರ?"

"ರವಿವಾರ."

"ಒಪ್ಪೊತ್ತು ಉಂಟಾ?"

"ಇಲ್ಲ..."

"ಹಾಗಾದರೆ ಇದು ಊಟ. ನಾಳೆ ಆಫೀಸಿನಲ್ಲಿ ಹೂಂ ಅಂತ ಹೇಳು."

ಅವಳು ಒಳಗೆ ಬಂದು ತವಾ ಇಟ್ಟಳು, ಡಬ್ಬಿಯಿಂದ ಇನ್ನೊಂದು ಚಪಾತಿ ತೆಗೆದು ತುಪ್ಪ ಸವರಿ ಬಿಸಿ ಮಾಡಿ ನನ್ನ ತಟ್ಟೆಗೆ ಹಾಕಿದಳು. ತಿಂದೆ. ಮೂರನೆಯದನ್ನು ನಾನೇ ಕೇಳಿದೆ.